ಗೋಡೆಗೂ ನೆಲಕ್ಕೂ ನಡುವೆ ಒಂದು ಬೆರಳು

ನಮ್ಮ ಅತ್ತಿಗೆ ಇಪ್ಪತ್ತಾರು ವರ್ಷದಿಂದ ಲಾರಿಗಳನ್ನು ತೂಗುತ್ತಿದ್ದಾಳೆ. ಊರ ಹೊರಗಿನ ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ಕೂತು, ಲಾರಿ ಹತ್ತಿ ನಿಂತ ಮೇಲೆ ಡ್ರೈವರ್ ಕೆಳಗಿಳಿದನೋ ಇಲ್ಲವೋ ಬಗ್ಗಿ ನೋಡಿ, ಚೀಟಿ ಹರಿದು ಕೊಡುವುದು ಅವಳ ಕೆಲಸ. ಆ ಚೀಟಿಯ ಅಂಕಿಯನ್ನು ಸ್ವಲ್ಪ ಅತ್ತಿತ್ತ ಮಾಡಿಕೊಡಿ ಎಂದು ಕೇಳಿದವರು ಬಹಳ ಜನ. ಎರಡನೇ ಸಲ ಕೇಳಿದವರು ಯಾರೂ ಇಲ್ಲ. ಇಷ್ಟು ವರ್ಷ ಊರವರ ಭಾರ ನೋಡಿದ್ದಾಯಿತು, ಇನ್ನು ನಾನೇ ಎತ್ತಿ ನೋಡುತ್ತೇನೆ ಎಂದು ಅವಳು ಹೊರಟದ್ದು ತನ್ನ ಐವತ್ತೊಂದನೇ ವಯಸ್ಸಿನಲ್ಲಿ.

ಹೊರಟದ್ದಕ್ಕೆ ಕಾರಣವಿತ್ತು. ಅವಳ ತಾಯಿ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಆ ಮೂರು ವರ್ಷ ಹೊತ್ತುಹೊತ್ತಿಗೆ ಅವರ ಮಗ್ಗುಲು ಬದಲಿಸಿದವಳು ಅತ್ತಿಗೆ. ಆಮೇಲೆ ತನ್ನದೇ ಮೂಳೆಯ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಪಟಕ್ಕೆ ಬೆಳಕು ಹಿಡಿದು, ತಾಯಿಯ ದಾರಿಯನ್ನೇ ಹಿಡಿದಿದೆ ಎಂದರಂತೆ. ಮಾತ್ರೆ ಬರೆದು ಕೊಟ್ಟರು, ಬಿಸಿಲಿಗೆ ಹೋಗಿ ಎಂದರು, ಕೊನೆಗೆ ಭಾರ ಎತ್ತುವುದನ್ನು ಕಲಿಯಿರಿ ಎಂದರು. ನಾವೆಲ್ಲ ತರಕಾರಿ ಚೀಲದ ಲೆಕ್ಕದಲ್ಲಿದ್ದೆವು. ಅತ್ತಿಗೆ ಮಾತ್ರ ಡಾಕ್ಟರು ಹೇಳಿದ್ದನ್ನು ಹೇಳಿದಷ್ಟೇ ತೆಗೆದುಕೊಂಡು ಪಕ್ಕದ ರಸ್ತೆಯ ಜಿಮ್ಮಿಗೆ ಸೇರಿಬಿಟ್ಟಳು. ಅಲ್ಲಿನ ಹುರಿಯಾಳುಗಳು ಮೊದಲ ತಿಂಗಳು ಅವಳನ್ನು ಆಂಟಿ ಎನ್ನುತ್ತಿದ್ದರು. ಎಂಟನೇ ತಿಂಗಳಲ್ಲಿ ಅವಳು ಎಪ್ಪತ್ತು ಕಿಲೋ ಕಬ್ಬಿಣವನ್ನು ನೆಲದಿಂದ ತೊಡೆಯವರೆಗೆ ಎತ್ತಿ, ನಿಂತು, ಮತ್ತೆ ನೆಲಕ್ಕೆ ಇಟ್ಟ ದಿನದಿಂದ ಏನೂ ಅನ್ನದೆ ಪಕ್ಕಕ್ಕೆ ಸರಿದು ದಾರಿ ಬಿಡತೊಡಗಿದರು.

ಅಷ್ಟರಲ್ಲಿ ಆ ಜಿಮ್ಮು ಮುಚ್ಚಿತು. ಆ ಜಾಗದಲ್ಲಿ ಹಾಸಿಗೆ ಅಂಗಡಿ ಬಂತು. ಅತ್ತಿಗೆ ಸಲಾಕೆಯನ್ನೂ ಕಬ್ಬಿಣದ ಬಿಲ್ಲೆಗಳನ್ನೂ ಮನೆಗೇ ತರಿಸಿ, ಮಹಡಿಯ ಹಿಂದಿನ ಕೋಣೆಯಲ್ಲಿ ಜೋಡಿಸಿದಳು. ಅಣ್ಣ ಟೈಲರ್, ಹೊಲಿಯಲು ಕೊಟ್ಟವರು ತಿರುಗಿ ನೋಡದೆ ಬಿಟ್ಟ ಬಟ್ಟೆಗಳೆಲ್ಲ ಆ ಕೋಣೆಯಲ್ಲಿದ್ದವು. ಅವು ಗಂಟುಕಟ್ಟಿಕೊಂಡು ನನ್ನ ಮಂಚದ ಕೆಳಗೆ ಬಂದವು.

ಆ ಕೋಣೆಯ ನೇರ ಕೆಳಗಿನ ಮನೆಯಲ್ಲಿ ಟೀಚರ್ ಇದ್ದರು. ಕೆಲಸದಿಂದ ನಿವೃತ್ತರಾದ ಮೇಲೂ ಅವರ ಪಾಠ ನಿಂತಿರಲಿಲ್ಲ. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದರು. ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದು, ಕಿಟಕಿಗೆ ದಿಂಬು ತುರುಕಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆಂದರೆ ದಿನಕ್ಕೆ ನಾಲ್ಕು ಪಾಠ. ಅತ್ತಿಗೆ ಮನೆಯಲ್ಲಿ ಮೊದಲ ಸಲ ಎಪ್ಪತ್ತು ಕಿಲೋ ಎತ್ತಿ ಇಳಿಸಿದ ಬೆಳಿಗ್ಗೆ ಅವರು ಜ್ವಾಲಾಮುಖಿಯ ಪಾಠದಲ್ಲಿದ್ದರು. ಸಂಜೆ ಮೆಟ್ಟಿಲು ಹತ್ತಿ ಬಂದು ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು:

"ಇವತ್ತಿನ ಪಾಠಕ್ಕೆ ನಿಮ್ಮ ಸದ್ದು ಹೇಳಿ ಮಾಡಿಸಿದ ಹಾಗಿತ್ತಮ್ಮ, ಅದನ್ನ ಹಾಗೇ ಇಟ್ಕೊಂಡಿದೀನಿ. ಆದ್ರೆ ನಾಳೆ ಇರೋದು ಹತ್ತಿ ಬೆಳೆ."

ಅವರು ನಿಲ್ಲಿಸಿ ಎನ್ನಲಿಲ್ಲ. ನೀವೂ ನಿಲ್ಲಿಸಬಾರದು, ನಾನೂ ನಿಲ್ಲಿಸಬಾರದು, ನಡುವೆ ಏನಾದರೂ ದಾರಿ ನೋಡಿ ಎಂದಷ್ಟೇ ಅಂದರು. ಇಂಥ ಒಳ್ಳೆಯತನದ ಎದುರಿಗೆ ಅತ್ತಿಗೆಗೆ ಜಗಳವಾಡಲು ಏನೂ ಸಿಗಲಿಲ್ಲ. ಸಿಗದೆ, ಕೇಳದೇ ಇದ್ದ ಮಾತೊಂದನ್ನು ಕೊಟ್ಟುಬಿಟ್ಟಳು.

"ಒಂದು ತಿಂಗಳು ಟೈಮ್ ಕೊಡಿ ಟೀಚರ್, ನೆಲ ಸರಿ ಮಾಡಿಸ್ತೀನಿ. ಆಮೇಲೂ ಒಂದೇ ಒಂದು ಸಲ ನಿಮ್ಮ ರೆಕಾರ್ಡಿಂಗಲ್ಲಿ ಕೇಳಿಸಿದ್ರೆ ಕಬ್ಬಿಣ ಎಲ್ಲ ಕೊಟ್ಟುಬಿಡ್ತೀನಿ."

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಲಾರಿಯವರಿಗೆ ಹೇಳಿದ್ದನ್ನೇ ಇಪ್ಪತ್ತಾರು ವರ್ಷ ಬದಲಿಸದವಳು ಟೀಚರಿಗೆ ಹೇಳಿದ್ದನ್ನು ಬದಲಿಸುವುದುಂಟೆ?

ನೆಲದ ಹೊಣೆಯನ್ನು ಮೊದಲು ಹೊತ್ತವನು ಅಣ್ಣ. ಹೆಂಡತಿಯ ಮೇಲೆ ಅವನಿಗಿರುವ ಪ್ರೀತಿ ಬಾಯಲ್ಲಿ ಬರುವಂಥದ್ದಲ್ಲ, ಪಾರ್ಸಲ್ಲಿನಲ್ಲಿ ಬರುವಂಥದ್ದು. ಮೂರನೇ ದಿನ ಬಂದ ಪಾರ್ಸಲ್ಲಿನಲ್ಲಿ ಒಂದಕ್ಕೊಂದು ಹಲ್ಲು ಕೂಡಿಸುವ ಮೆತ್ತನೆಯ ಫೋಮ್ ಚೌಕಗಳಿದ್ದವು. ಜಿಮ್ಮಿಗೂ ಮಕ್ಕಳ ಕೋಣೆಗೂ ಆಗುತ್ತದೆ ಎಂದು ಬರೆದಿತ್ತಂತೆ. ಮಕ್ಕಳ ಕೋಣೆ ಎಂದು ಬರೆದದ್ದು ಮಾತ್ರ ನಿಜ. ಅತ್ತಿಗೆ ಒಂದು ಕಾಲನ್ನು ಆನೆಯ ಮೇಲೂ ಇನ್ನೊಂದನ್ನು ಜಿರಾಫೆಯ ಮೇಲೂ ಇಟ್ಟು ಸಲಾಕೆ ಎತ್ತಿದಳು. ಹಿಮ್ಮಡಿ ಹೂತು, ಮೊಣಕಾಲು ಒಳಕ್ಕೆ ಬಾಗಿ, ಸಲಾಕೆ ಓರೆಯಾಯಿತು. ಒಂದು ಪದರ ಸಾಲದೆಂದು ಅಣ್ಣ ಮೂರು ಪದರ ಹಾಸಿದ. ಆಗ ಅದು ದೋಣಿಯಲ್ಲಿ ನಿಂತ ಹಾಗಾಯಿತು. ಪಾದ ಉಳುಕುವುದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಅತ್ತಿಗೆ, ನನ್ನ ಮೂಳೆ ಗಟ್ಟಿ ಮಾಡೋಕೆ ಹೊರಟು ಮೊದಲು ಮುರಿದು ನೋಡ್ತೀರಾ ಎಂದು ಕೇಳಿದಳು. ಆನೆ ಜಿರಾಫೆಗಳೂ ನನ್ನ ಮಂಚದ ಕೆಳಗೆ ಬಂದವು.

ಆಸ್ಪತ್ರೆಯಲ್ಲಿ ಅತ್ತಿಗೆಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ನೆಲದ ಮೇಸ್ತ್ರಿಯ ಹೆಸರು ಹೇಳಿದ್ದು ಆಗ. ಆಪರೇಷನ್ ಕೋಣೆಯ ನೆಲ ಹಾಕಿದವರು, ಒಂದು ನೃತ್ಯಶಾಲೆಯ ಮರದ ನೆಲ ಹಾಕಿದವರು. ಬಹಳ ಒಳ್ಳೆಯ ಕೆಲಸ, ಮಾತು ಮಾತ್ರ ಕಡಿಮೆ ಎಂದು ಎಚ್ಚರಿಸಿದಳಂತೆ. ಬಂದವರು ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ಮಂಡಿಗೆ ಚರ್ಮದ ಮೆತ್ತೆ ಕಟ್ಟಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಶೂ ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಬರಿಗಾಲಿನಲ್ಲಿ ಕೋಣೆಯ ಮೂಲೆಯಿಂದ ಮೂಲೆಗೆ ನಡೆದರು. ಆಮೇಲೆ ಕೂತು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಟೈಲ್ಸನ್ನು ಬಡಿಯುತ್ತ, ಕಿವಿ ವಾಲಿಸಿ ಕೇಳುತ್ತ, ಏಳು ಟೈಲ್ಸಿನ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದರು. ಹನ್ನೆರಡು ವರ್ಷದಿಂದ ಒಂದೂ ಅಲ್ಲಾಡಿಲ್ಲ ಎಂದು ಅಣ್ಣ ಮನೆಯ ಮಾನ ಕಾಯಲು ಹೋದ. ಅಲ್ಲಾಡಲ್ಲ ಯಜಮಾನ್ರೆ, ಒಳಗೆ ಪೊಳ್ಳು, ಭಾರ ಬಿದ್ದರೆ ಮೊದಲು ಬಾಯಿ ಬಿಡೋದು ಇವೇ ಎಂದರು ಮೇಸ್ತ್ರಿ.

ಬಳಿಕ ಅತ್ತಿಗೆಗೆ ಒಂದು ಸಲ ಎತ್ತಿ ತೋರಿಸಿ ಎಂದರು. ಮನೆಗೆ ಬಂದ ಹೊಸಬರ ಎದುರು ಅವಳು ಎಂದೂ ಎತ್ತಿದವಳಲ್ಲ. ಸ್ವಲ್ಪ ಹಿಂದೆ ಮುಂದೆ ನೋಡಿ, ಅಂಗೈಗೆ ಪುಡಿ ಉಜ್ಜಿಕೊಂಡು ಎಪ್ಪತ್ತೈದು ಎತ್ತಿದಳು. ಸಾಮಾನ್ಯವಾಗಿ ನೋಡುವವರು ಅವಳ ಮುಖ ನೋಡುತ್ತಾರೆ, ಇಲ್ಲವೇ ಕಬ್ಬಿಣದ ಮೇಲಿನ ಅಂಕಿ ನೋಡುತ್ತಾರೆ. ಮೇಸ್ತ್ರಿ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿ ಅವಳ ಹಿಮ್ಮಡಿ ನೋಡುತ್ತಿದ್ದರು. ಎದ್ದು ಧೂಳು ಕೊಡವಿಕೊಂಡು ಹೇಳಿದರು:

"ನೀವು ನಿಲ್ಲೋ ಜಾಗ ಕಲ್ಲಿನ ಹಾಗೆ ಗಟ್ಟಿ ಇರಬೇಕು. ಕಬ್ಬಿಣ ಕೂರೋ ಜಾಗ ಮೆತ್ತಗಿರಬೇಕು. ನಿಮಗೆ ಬೇಕಾಗಿರೋದು ಎರಡು ನೆಲ ಅಮ್ಮ."

ಎರಡು ವಾರದಿಂದ ಮೂರು ಜನ ತಲೆ ಕೆಡಿಸಿಕೊಂಡಿದ್ದ ವಿಷಯ ಇಷ್ಟೇ ಆಗಿತ್ತೆಂದು ಯಾರಿಗೂ ಹೊಳೆದಿರಲಿಲ್ಲ. ಅಷ್ಟು ಹೇಳಿ ಅವರು ಕೆಳಗಿನ ಮನೆಗೆ ಇಳಿದು, ಟೀಚರ ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬಂದರು. ಅವರಿಬ್ಬರಿಗೂ ಕೂಡಲೇ ಹೊಂದಿಕೆಯಾಯಿತು. ಒಬ್ಬರು ಓದುವುದನ್ನು ನಿಲ್ಲಿಸಿದ್ದರು, ಇನ್ನೊಬ್ಬರು ಮಾತೇ ಶುರು ಮಾಡಿರಲಿಲ್ಲ.

ಕೆಲಸ ನಾಲ್ಕು ದಿನ ನಡೆಯಿತು. ಪೊಳ್ಳು ಟೈಲ್ಸುಗಳನ್ನು ಎಬ್ಬಿಸಿ ಅಡಿಗೆ ಗಾರೆ ತುಂಬಿ ಕೂರಿಸಿದರು. ಅದರ ಮೇಲೆ ರಬ್ಬರಿನ ಹರಳುಗಳನ್ನು ಒತ್ತಿ ಮಾಡಿದ ಮೆತ್ತನೆಯ ಹಾಸು. ಅದರ ಮೇಲೆ ಎರಡು ಪದರ ಪ್ಲೈವುಡ್, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದ ಹಾಗೆ ಇಟ್ಟಿಗೆ ಕಟ್ಟಿದಂತೆ ತಪ್ಪಿಸಿ. ಸ್ಕ್ರೂ ಒಂದು ಪ್ಲೈವುಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತೇ ಹೊರತು ಒಂದಾದರೂ ಕಾಂಕ್ರೀಟನ್ನು ಮುಟ್ಟಲಿಲ್ಲ. ಪ್ರತಿಯೊಂದನ್ನೂ ಹಲಗೆಯ ಅಂಚಿಗೆ ಹಿಡಿದು ಅಳೆದು ಹಾಕುತ್ತಿದ್ದರು. ನಡುವೆ ಅತ್ತಿಗೆ ನಿಲ್ಲುವಲ್ಲಿ ಗಟ್ಟಿ ಮರ. ಎಡಕ್ಕೂ ಬಲಕ್ಕೂ ಬಿಲ್ಲೆಗಳು ಕೂರುವಲ್ಲಿ ಮೂರು ಬೆರಳು ದಪ್ಪದ ರಬ್ಬರ್. ಉಳಿದ ಕಡೆ ತೆಳ್ಳನೆಯ ರಬ್ಬರ್ ಹಾಳೆ. ಆ ಹಾಳೆಯ ಸುರುಳಿಗಳನ್ನು ಬಂದ ದಿನವೇ ಹಾಸಲು ಅಣ್ಣ ಅವಸರಪಟ್ಟಾಗ, ಇವು ಸುತ್ತಿಕೊಂಡು ಪ್ರಯಾಣ ಮಾಡಿ ಬಂದಿವೆ, ಎರಡು ದಿನ ಕೈಕಾಲು ಚಾಚಿ ಮಲಗಲಿ ಎಂದು ತಾರಸಿಯ ಮೇಲೆ ಬಿಚ್ಚಿ ಹಾಕಿಸಿದರು. ಅರ್ಧ ವಾಸನೆಯೂ ಅಲ್ಲೇ ಹೋಯಿತು.

ಅವರು ರಬ್ಬರ್ ಕತ್ತರಿಸುವುದನ್ನು ನೋಡಲೆಂದೇ ನಾನು ಒಂದು ದಿನ ರಜೆ ಹಾಕಿದೆ. ಚಾಕುವಿನ ಅಲಗನ್ನು ಸೋಪಿನ ನೀರಿಗೆ ಅದ್ದಿ, ಕಬ್ಬಿಣದ ಪಟ್ಟಿಯ ಗುಂಟ ಮೊದಲ ಸಲ ಗೀರು, ಎರಡನೇ ಸಲ ಸೀಳು, ಮೂರನೇ ಸಲಕ್ಕೆ ಹಾಳೆ ತಾನಾಗಿ ಬಾಯಿ ತೆರೆಯುತ್ತಿತ್ತು. ಎಲ್ಲೂ ಬಲ ಹಾಕಿದ ಹಾಗೆ ಕಾಣುತ್ತಿರಲಿಲ್ಲ. ಎರಡು ಹಾಳೆ ಕೂಡಿದ ಕಡೆ ಬೆರಳು ಆಡಿಸಿದರೂ ಸಂದು ಸಿಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಅಣ್ಣ ಕೈಕಟ್ಟಿ ನಿಂತಿದ್ದ. ಮೂವತ್ತು ವರ್ಷ ಕತ್ತರಿ ಹಿಡಿದವನು ಇನ್ನೊಬ್ಬರ ಕತ್ತರಿಸುವಿಕೆಯನ್ನು ನೋಡಿ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಅವನ ಬಾಯಿ ತೆರೆದದ್ದು ಗೋಡೆಯ ಹತ್ತಿರ. ನಾಲ್ಕೂ ಗೋಡೆಗಳ ಬುಡದಲ್ಲಿ ನೆಲಕ್ಕೂ ಗೋಡೆಗೂ ನಡುವೆ ಒಂದು ಬೆರಳು ಸಂದು ಇತ್ತು. ಟೈಲರುಗಳ ಲೋಕದಲ್ಲಿ ಬಟ್ಟೆ ಉದ್ದವಾದರೆ ಮಡಚಬಹುದು. ಗಿಡ್ಡವಾದರೆ ಗಿರಾಕಿಯ ಎದುರು ತಲೆ ಎತ್ತುವ ಹಾಗಿಲ್ಲ. ಸಂದು ಹೀಗೇ ಇರುತ್ತದೆಯೇ ಎಂದು ಅಣ್ಣ ಕೇಳಿದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ ಮೇಸ್ತ್ರಿ, ಇರಬೇಕು ಎಂದಷ್ಟೇ ಹೇಳಿದರು. ಮುಂದಿನ ವಾರ ಬಂದು ಗೋಡೆಗೆ ಮರದ ಪಟ್ಟಿ ಹೊಡೆದು ಅದನ್ನು ಮುಚ್ಚುವುದಾಗಿ ಹೊರಡುವಾಗ ತಿಳಿಸಿದರು. ಅಂದು ಸಂಜೆ ಅತ್ತಿಗೆ ಐದು ಸಲ ಎತ್ತಿ ಇಳಿಸಿದಳು. ಟೀಚರ್ ಕೆಳಗಿನಿಂದ ಫೋನ್ ಮಾಡಿ, ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು.

ಮುಂದಿನ ಎರಡು ಮಧ್ಯಾಹ್ನ, ಅತ್ತಿಗೆ ಕೆಲಸಕ್ಕೆ ಹೋಗಿದ್ದಾಗ, ಅಣ್ಣ ಅಂಗಡಿಗೆ ಬಾಗಿಲು ಹಾಕಿ ಬಂದು ಆ ಕೋಣೆ ಸೇರಿದ. ಮೇಸ್ತ್ರಿ ಒಳ್ಳೆಯವರು, ಅಳತೆಯಲ್ಲಿ ಒಂದು ಬೆರಳು ತಪ್ಪಿದೆ, ಪಾಪ, ಮರದ ಪಟ್ಟಿಯಲ್ಲಿ ಮುಚ್ಚಿಹಾಕಲು ನೋಡುತ್ತಿದ್ದಾರೆ. ನಾವೇ ಸರಿಮಾಡಿಟ್ಟರೆ ಅವರಿಗೂ ಮುಜುಗರವಾಗುವುದಿಲ್ಲ. ಹೀಗಿತ್ತು ಅವನ ವಾದ. ಉಳಿದ ರಬ್ಬರಿನ ಚೂರುಗಳಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಅಂಟು ಸವರಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನಾಲ್ಕೂ ಕಡೆ ತುಂಬಿದ. ಮೂಲೆಗಳಲ್ಲಿ ಕಾಲರಿನ ತುದಿ ಕೂಡಿಸಿದ ಹಾಗೆ ಓರೆಯಾಗಿ ಕೂಡಿಸಿದ. ಮುಗಿದ ಮೇಲೆ ನೆಲ ಗೋಡೆಯಿಂದಲೇ ಹುಟ್ಟಿ ಬಂದಂತೆ ಕಂಡಿತು. ಅತ್ತಿಗೆ ನೋಡಿ, ಚೆನ್ನಾಗಿದೆ ರೀ ಎಂದಳು. ನಾನೂ ಹೊಗಳಿದೆ, ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಎತ್ತಿ ಮುಗಿಸಿ ಮುಖ ತೊಳೆಯುತ್ತಿದ್ದಾಗ ಟೀಚರ್ ಬಾಗಿಲಲ್ಲಿ ನಿಂತಿದ್ದರು. ದೂರು ಹೇಳಲು ಬಂದವರ ಹಾಗಿರಲಿಲ್ಲ, ತಪ್ಪೊಪ್ಪಿಕೊಳ್ಳಲು ಬಂದವರ ಹಾಗಿದ್ದರು. ನಾವು ಮೂವರೂ ಕೆಳಗಿಳಿದೆವು. ಟೀಚರ ಹೆಡ್‌ಫೋನನ್ನು ಅತ್ತಿಗೆ ಕಿವಿಗೆ ಹಾಕಿಕೊಂಡಳು. ಆಮೇಲೆ ನನಗೂ ಕೊಟ್ಟಳು. ಟೀಚರ ತಿಳಿದನಿ ಹೇಳುತ್ತಿತ್ತು: ಬೀಜ ಮೊಳಕೆಯೊಡೆಯಲು ನೀರು, ಗಾಳಿ ಮತ್ತು. ಆಮೇಲೆ ದೂರದಲ್ಲೆಲ್ಲೋ ದಪ್ಪ ಬಾಗಿಲು ಹಾಕಿಕೊಂಡ ಹಾಗೆ, ಧುಂ. ಸಣ್ಣ ಸದ್ದು. ಆದರೆ ಕಣ್ಣಿಲ್ಲದ ಮಗು ಆ ಜಾಗದಲ್ಲಿ ತಲೆ ಎತ್ತುವಷ್ಟು ಇತ್ತು.

"ನಂದೇ ಟೀಚರ್," ಎಂದಳು ಅತ್ತಿಗೆ.

ಒಂದು ಸಾಲು ತಾನೆ, ಮತ್ತೆ ಓದುತ್ತೇನೆ ಬಿಡಿ ಎಂದು ಟೀಚರ್ ಅಂಗಲಾಚಿದರು. ಅತ್ತಿಗೆ ಅವರ ಕೈಯನ್ನು ಒಮ್ಮೆ ಒತ್ತಿ ಮೇಲೆ ಬಂದಳು. ಸಲಾಕೆಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಕಳಚಿ, ದೊಡ್ಡದರಿಂದ ಸಣ್ಣದಕ್ಕೆ ಬಾಗಿಲ ಪಕ್ಕದಲ್ಲಿ ಒರಗಿಸಿದಳು. ಅವಳು ಅಳಲಿಲ್ಲ, ಸಿಡುಕಲೂ ಇಲ್ಲ. ಕೆಲಸ ಮುಗಿದ ಮೇಲೆ ಎಡಗೈಯನ್ನು ಸೊಂಟದ ಮೂಳೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಅಷ್ಟನ್ನು ನೋಡಿದ ಅಣ್ಣ ಒಳಗೆ ಹೋಗಿ ಏನೂ ಇಲ್ಲದ ಬೀರುವಿನಲ್ಲಿ ಏನನ್ನೋ ಹುಡುಕತೊಡಗಿದ. ಆಸ್ಪತ್ರೆಯ ಹುಡುಗಿಗೆ ಫೋನ್ ಮಾಡಿ ಇದೆಲ್ಲ ಅವರ ವ್ಯಾಯಾಮದ ಕೋಣೆಗೆ ಬೇಕಾ ಕೇಳು ಎಂದು ಅತ್ತಿಗೆ ನನಗೆ ಹೇಳಿದಳು. ನಾನು ಫೋನ್ ತೆಗೆದುಕೊಂಡು ಮೆಟ್ಟಿಲಿಗೆ ಬಂದು ಮೇಸ್ತ್ರಿಗೆ ಮಾಡಿದೆ.

ಅವರು ಊಟದ ಹೊತ್ತಿಗೆ ಬಂದರು. ಮೇಲೆ ಬರದೆ ನೇರ ಟೀಚರ ಕೋಣೆಗೆ ಹೋಗಿ ಆ ಸಾಲನ್ನು ನಾಲ್ಕು ಸಲ ಹಾಕಿಸಿಕೊಂಡು ಕೇಳಿದರಂತೆ. ಆಮೇಲೆ ಮೆಟ್ಟಿಲ ಮೇಲೆ ನಿಂತು, ಒಂದೇ ಸಲ ಎತ್ತಿ ಇಳಿಸಿ ಎಂದು ಅತ್ತಿಗೆಗೆ ಹೇಳಿದರು. ಇನ್ನು ಎತ್ತುವುದಿಲ್ಲ, ಮಾತು ಕೊಟ್ಟಾಗಿದೆ ಎಂದಳು ಅವಳು.

"ಡಾಕ್ಟರ್ ಹತ್ರ ಹೋದಾಗ ಕೆಮ್ಮಿ ತೋರಿಸಲ್ವಾ ಅಮ್ಮ? ಇದೂ ಹಾಗೇ. ಲೆಕ್ಕಕ್ಕಿಲ್ಲ."

ಅತ್ತಿಗೆ ಬಿಲ್ಲೆ ಏರಿಸಿದಳು. ಮೇಸ್ತ್ರಿ ಕೆಳಗೆ ಒಂದು ಕಂಬಳಿಯನ್ನು ಸರಿಸಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಕಬ್ಬಿಣ ನೆಲ ಮುಟ್ಟಿದ ಮೇಲೆ ತಲೆಯಾಡಿಸಿ, ಸದ್ದು ಸೂರಿನಿಂದ ಬರುತ್ತಿಲ್ಲ, ಗೋಡೆಯಲ್ಲಿ ಇಳಿದು ಬರುತ್ತಿದೆ ಎಂದರು. ಮೇಲೆ ಬಂದು ಮಂಡಿಯೂರಿ, ಜೇಬಿನಿಂದ ಸ್ಟೀಲಿನ ಅಳತೆಪಟ್ಟಿ ತೆಗೆದು ಗೋಡೆಯ ಬುಡಕ್ಕೆ ಇಳಿಸಲು ನೋಡಿದರು. ಇಳಿಯಲಿಲ್ಲ. ಮುಂದಕ್ಕೆ ಜರುಗಿದರು, ಅಲ್ಲೂ ಇಳಿಯಲಿಲ್ಲ. ಮೂಲೆಗೆ ಬಂದಾಗ ಪಟ್ಟಿಯನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಓರೆ ಕೂಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಯಾರ ಕೆಲಸ?"

ನಾನು ಕಿಟಕಿ ನೋಡಿದೆ. ಅತ್ತಿಗೆ ಅಣ್ಣನನ್ನು ನೋಡಿದಳು.

"ನಂದೇ," ಎಂದ ಅಣ್ಣ.

"ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಮೂಲೆ ಕೂಡಿಸಿದೋರನ್ನ ನಾನು ನೋಡಿಲ್ಲ ಯಜಮಾನ್ರೆ." ಅಣ್ಣನ ಮುಖ ಅರಳಿತು. "ಈಗ ಎಲ್ಲ ತೆಗೀಬೇಕು."

ಅಂದು ಅವರು ಮೊದಲ ಸಲ ನಾಲ್ಕೈದು ವಾಕ್ಯ ಒಟ್ಟಿಗೆ ಆಡಿದರು. ಈ ನೆಲ ಕಾಂಕ್ರೀಟಿನ ಮೇಲೆ ಕೂತಿದೆ, ಅದಕ್ಕೆ ಕಚ್ಚಿಕೊಂಡಿಲ್ಲ. ಯಾವ ಗೋಡೆಯನ್ನೂ ಮುಟ್ಟಬಾರದು. ಗೋಡೆ ಸೀದಾ ಕೆಳಗಿನ ಮನೆಗೆ ಇಳಿಯುತ್ತದೆ. ನೆಲ ಅದನ್ನು ಮುಟ್ಟಿದರೆ ಸದ್ದು ಮೆಟ್ಟಿಲಿಳಿದ ಹಾಗೆ ಇಳಿದು ಹೋಗುತ್ತದೆ. ಇದನ್ನೆಲ್ಲ ಹೇಳಿ, ನೆಲ ನೋಡುತ್ತ ಅಂದರು: "ಅವತ್ತು ನೀವು ಕೇಳಿದಾಗಲೇ ನಾನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅರ್ಧ ತಪ್ಪು ನಂದು."

ಅಣ್ಣ ಸಂದಿಲ್ಲದ ಆ ಅಂಚಿನ ಮೇಲೆ ಬೆರಳು ಆಡಿಸಿದ.

"ಕಂಕುಳಲ್ಲಿ ಸಡಿಲ ಬಿಡದೆ ಹೊಲಿದ ಹಾಗಾಯ್ತು ಅನ್ನಿ," ಎಂದ. "ನಿಂತಾಗ ಚಂದ. ಕೈ ಎತ್ತಿದ್ರೆ ಇಡೀ ಅಂಗಿ ಮೇಲೆ ಬರುತ್ತೆ."

ಮೇಸ್ತ್ರಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಇನ್ನು ಮುಂದೆ ನಾನೂ ಹೀಗೇ ಹೇಳುತ್ತೇನೆ ಎಂದರು. ಅಣ್ಣ ಅಂಗಡಿಗೆ ಹೋಗಿ ಹೊಲಿಗೆ ಬಿಚ್ಚುವ ಕೊಕ್ಕೆಗಳನ್ನು ತಂದ. ಇಬ್ಬರೂ ಎದುರುಬದುರು ಗೋಡೆಗಳ ಬುಡದಲ್ಲಿ ಮಂಡಿಯೂರಿ, ಎರಡು ಮಧ್ಯಾಹ್ನದ ಕೆಲಸವನ್ನು ಎಳೆಎಳೆಯಾಗಿ ಬಿಚ್ಚಿ ತೆಗೆದರು. ತನ್ನ ಮೂಲೆಗಳನ್ನು ಅಣ್ಣ ಯಾರಿಗೂ ಬಿಡಲಿಲ್ಲ, ತಾನೇ ತೆಗೆದ. ಬಳಿಕ ಮೇಸ್ತ್ರಿ ಅಳತೆಪಟ್ಟಿಯನ್ನು ಸಂದಿಗೆ ಇಳಿಸಿ ಕೋಣೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಲ್ಲೂ ತಡೆಯಲಿಲ್ಲ.

ಕೊನೆಯ ಪರೀಕ್ಷೆಯನ್ನು ಅವರು ಮರುದಿನ ಬೆಳಿಗ್ಗೆ ಕಟ್ಟುನಿಟ್ಟಾಗಿ ಏರ್ಪಡಿಸಿದರು. ಕೇಳಿಸಲಿಲ್ಲ ಎಂದು ಟೀಚರ್ ದಯೆಯಿಂದ ಹೇಳಿಬಿಡಬಹುದೆಂಬ ಅನುಮಾನ ಅವರಿಗಿತ್ತು, ಅತ್ತಿಗೆಗೂ ಇತ್ತು. ಟೀಚರ್ ಹೆಡ್‌ಫೋನ್ ಹಾಕಿಕೊಂಡು ಪಾಠ ಓದಬೇಕು. ಏನು ಕೇಳಿಸಿದರೂ ಬೆರಳು ಎತ್ತಬೇಕು. ಪಕ್ಕದಲ್ಲಿ ಕೂತ ಮೇಸ್ತ್ರಿ ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು. ಮೇಲೆ ಅತ್ತಿಗೆ ತನಗೆ ತೋಚಿದಾಗ ಎತ್ತಿ ಇಳಿಸಬೇಕು. ಕಬ್ಬಿಣ ನೆಲ ಮುಟ್ಟಿದ ಸಮಯವನ್ನು ನಾನು ಬರೆಯಬೇಕು. ಅತ್ತಿಗೆ ಎಂಬತ್ತು ಏರಿಸಿದಳು. ಬೇಡ, ಎಪ್ಪತ್ತೇ ಸಾಕು ಎಂದು ಅಣ್ಣ ಮೆಲ್ಲಗೆ ಹೇಳಿ ನೋಡಿದ. ಕಡಿಮೆ ತೂಕ ಇಟ್ಟು ಪಾಸಾಗೋದು ಲಾರಿಯವರ ಬುದ್ಧಿ ಎಂದಳು. ಒಂದೊಂದು ಸಲ ಎತ್ತುವಾಗಲೂ ಅವಳ ಹಿಮ್ಮಡಿ ಮರಕ್ಕೆ ಮೊಳೆ ಹೊಡೆದಂತೆ ನಿಂತಿತ್ತು. ಬೆನ್ನು ಹಲಗೆಯಂತೆ ನೆಟ್ಟಗಿತ್ತು. ನಾನು ಬರೆಯುವುದನ್ನು ಮರೆತು ನೋಡಿದ್ದೂ ಉಂಟು. ಅಣ್ಣ ಮೊಣಕೈಯಿಂದ ತಿವಿದ. ಎಂಟನೆಯದು ಇಳಿದ ಮೇಲೆ ಮೇಸ್ತ್ರಿ ಫೋನ್ ಮಾಡಿ, ಪಾಠ ಮುಗಿಯಿತು, ಕೆಳಗೆ ಬನ್ನಿ ಎಂದರು.

ನನ್ನ ಚೀಟಿಯಲ್ಲಿ ಎಂಟು ಸಮಯಗಳಿದ್ದವು. ಅವರ ಚೀಟಿಯಲ್ಲಿ ಮೂರು. ಮೂರು ಎಂದು ಕಂಡಾಗ ಅಣ್ಣ ಆ ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದ. ಅತ್ತಿಗೆ ಎರಡೂ ಚೀಟಿಗಳನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, ಒಂದೊಂದು ಅಂಕಿಯ ಮೇಲೂ ಉಗುರು ಇಟ್ಟು ಹೋಲಿಸಿದಳು. ಮೂರರಲ್ಲಿ ಒಂದೂ ಎಂಟರಲ್ಲಿ ಯಾವುದಕ್ಕೂ ತಾಳೆಯಾಗಲಿಲ್ಲ. ಅವಳು ಮತ್ತೊಮ್ಮೆ, ಈ ಸಲ ಕೆಳಗಿನಿಂದ ಮೇಲಕ್ಕೆ, ನೋಡಿದಳು.

"ಹಾಗಾದ್ರೆ ನಾನು ಕೇಳಿಸ್ಕೊಂಡಿದ್ದು ಏನು?" ಎಂದರು ಟೀಚರ್.

ಮೊದಲನೆಯದು ರಸ್ತೆಯ ಬೈಕು, ಎರಡನೆಯದು ನಿಮ್ಮ ಫ್ರಿಜ್ಜು, ಎರಡನ್ನೂ ನಾನೂ ಕೇಳಿದೆ ಎಂದರು ಮೇಸ್ತ್ರಿ. ಮೂರನೆಯದನ್ನು ಹೇಳಲು ಅವರಿಗೆ ಸಂಕೋಚವಾದಂತಿತ್ತು.

"ಅದು ನನ್ನ ಹೊಟ್ಟೆ ಇರಬೇಕು," ಎಂದು ಟೀಚರೇ ಒಪ್ಪಿಕೊಂಡರು. "ಬೆಳಿಗ್ಗೆಯಿಂದ ನಿಮ್ಮ ಗಲಾಟೆಯಲ್ಲಿ ಏನೂ ತಿಂದಿಲ್ಲ."

ಅತ್ತಿಗೆ ಚೀಟಿಗಳನ್ನು ಮಡಚಿ ಮೇಸ್ತ್ರಿಯ ಕೈಗೆ ಕೊಟ್ಟಳು. ಆ ಸಣಕಲು ಮನುಷ್ಯನ ಭುಜವನ್ನು ಒಮ್ಮೆ ತಟ್ಟಿದಳು. ಅವರು ಅರ್ಧ ಹೆಜ್ಜೆ ಪಕ್ಕಕ್ಕೆ ಹೋದರು. ಎಂಬತ್ತು ಕಿಲೋ ಎತ್ತುವ ಕೈ ಅದು. ಆಮೇಲೆ ಅವಳು ಬಾಗಿಲ ಕಡೆಗೆ ತಿರುಗಿದಳು.

"ಇವತ್ತು ಹತ್ತು ಎತ್ತಬೇಕಿತ್ತು. ಇನ್ನೂ ಎರಡು ಉಳಿದಿದೆ."

ಮೆಟ್ಟಿಲಿನಲ್ಲಿ ಅವಳ ಹೆಜ್ಜೆ ಕೇಳಿಸಿತು, ಬಾಗಿಲು ಮುಚ್ಚಿದ್ದೂ ಕೇಳಿಸಿತು. ನಾವು ನಾಲ್ವರೂ ಕತ್ತೆತ್ತಿ ಟೀಚರ ಕೋಣೆಯ ಸೂರನ್ನು ನೋಡುತ್ತ ನಿಂತೆವು. ಆ ಎರಡು ಯಾವಾಗ ಮುಗಿದವೋ ನಮಗೆ ಗೊತ್ತಾಗಲಿಲ್ಲ.